ಇಳಿಯುವಾಗ ಕವರು ತೋರಿಸಿ

ಮರಕ್ಕೆ ನೇತುಹಾಕಿದ ಕವರು ತಾನಾಗಿ ಇಳಿದು ಬಂದು ಕಸದ ಡಬ್ಬಿಗೆ ಬೀಳುವುದಿಲ್ಲ.

ಇದನ್ನು ಪತ್ರಿಕೆಯಲ್ಲಿ ಬರೆದು ಹೇಳಬೇಕಾಗಿ ಬಂದದ್ದೇ ಒಂದು ನಾಚಿಕೆಗೇಡು. ಕವರಿಗೆ ಕಾಲಿಲ್ಲ, ಒಳಗಿರುವ ಸರಕಿಗಂತೂ ಮೊದಲೇ ಇಲ್ಲ. ಆದರೂ ಒಂದು ಬೆಳಿಗ್ಗೆ ನಾಯಿ ಪಾರ್ಕಿನ ಹಿಂದಿನ ಗುಡ್ಡ ಹತ್ತಿ ನೋಡಿ. ಪೊದೆಪೊದೆಯಲ್ಲೂ ನೀಲಿ, ಹಸಿರು, ಕಪ್ಪು ಬಣ್ಣದ ಪುಟ್ಟ ಪುಟ್ಟ ಗಂಟುಗಳು. ದೂರದಿಂದ ಕಂಡವರು ಇದ್ಯಾವುದೋ ಹೊಸ ತಳಿಯ ಹಣ್ಣು ಅಂದುಕೊಳ್ಳಬೇಕು. ಹತ್ತಿರ ಹೋದರೆ ಏನು ಹಣ್ಣೆಂದು ಮೂಗೇ ಹೇಳುತ್ತದೆ. ನಾಯಿ ಹೇತದ್ದು ಹಾಗೇ ನೆಲದಲ್ಲಿದ್ದಿದ್ದರೆ ನಾಲ್ಕು ಮಳೆಗೆ ಕರಗಿ ಮಣ್ಣಾದರೂ ಆಗುತ್ತಿತ್ತು. ನಾವು ಸಭ್ಯರಲ್ಲವೇ? ಅದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೊಮ್ಮಕ್ಕಳ ಕಾಲದವರೆಗೂ ಕೆಡದ ಹಾಗೆ ಕಾಪಾಡಿ, ಕಣ್ಣಿನ ಎತ್ತರಕ್ಕೆ ತೂಗಿಬಿಡುತ್ತೇವೆ. "ಬರುವಾಗ ತಗೊಂಡು ಹೋಗ್ತೀನಿ" ಅನ್ನುತ್ತೇವೆ. ಬರುವಾಗ ಬೇರೆ ದಾರಿಯಲ್ಲಿ ಬರುತ್ತೇವೆ.

ಊರಿನಲ್ಲಿ ನಾಯಿಗಳನ್ನು ಒಳಗೆ ಬಿಡುವ ಪಾರ್ಕು ಇದೊಂದೇ. ಕೆಳಗೆ ಬೇಲಿ ಹಾಕಿದ ಬಯಲು. ಅಲ್ಲಿ ಸರಪಳಿ ಬಿಚ್ಚಿಬಿಡಬಹುದು. ಬಯಲಿನಾಚೆ ಗುಡ್ಡ. ಗೇಟಿನ ಎಡಕ್ಕೆ ಮಣ್ಣಿನ ದಾರಿ ಸುತ್ತಿ ಸುತ್ತಿ ಮೇಲೇರುತ್ತದೆ. ಬಲಕ್ಕೆ ಕಲ್ಲಿನ ಮೆಟ್ಟಿಲುಗಳು ನೆಟ್ಟಗೆ ಕೆಳಗಿಳಿಯುತ್ತವೆ. ಎಲ್ಲರೂ ದಾರಿಯಲ್ಲಿ ಹತ್ತುತ್ತಾರೆ, ಮೆಟ್ಟಿಲಲ್ಲಿ ಇಳಿಯುತ್ತಾರೆ. ರಗಳೆಯ ಬೇರು ಇರುವುದೇ ಇಲ್ಲಿ.

ಈ ಗೇಟಿನಲ್ಲಿ ಈಗ ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಕತ್ತಿಗೆ ಸೀಟಿ ತೂಗುಹಾಕಿಕೊಂಡು ನಿಂತಿರುತ್ತಾಳೆ. ಎಲ್ಲರೂ ಅವಳನ್ನು ಕಂಡಕ್ಟರಮ್ಮ ಅನ್ನುತ್ತಾರೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ನಿವೃತ್ತಿಯಾದಾಗ ಟಿಕೆಟ್ಟಿನ ಯಂತ್ರ ವಾಪಸು ಕೊಟ್ಟಳು, ಚರ್ಮದ ಚೀಲ ವಾಪಸು ಕೊಟ್ಟಳು. ಸೀಟಿಯನ್ನು ಮಾತ್ರ ಕೊಡಲಿಲ್ಲ. ಕೇಳಿದ ಗುಮಾಸ್ತನಿಗೆ, "ನನ್ನ ಎಂಜಲು ಸೀಟಿ ನಿನಗ್ಯಾಕಪ್ಪ?" ಅಂದಳಂತೆ.

ಅವಳ ಗಂಡ ಅದೇ ಬಸ್ಸಿನ ಡ್ರೈವರು. ಮದುವೆಗೆ ಮುಂಚೆ ಅವರಿಬ್ಬರು ಎದುರುಬದುರು ಕೂತು ಮಾತಾಡಿದ್ದು ಕಡಿಮೆ. ಅವನು ಅವಳನ್ನು ನೋಡಿದ್ದೆಲ್ಲ ತಲೆಯ ಮೇಲಿನ ಕನ್ನಡಿಯಲ್ಲಿ. ಅವಳು ಅವನಿಗೆ ಹೇಳಿದ್ದೆಲ್ಲ ಸೀಟಿಯಲ್ಲಿ. ಒಂದು ಸೀಟಿ ಎಂದರೆ ನಿಲ್ಲು. ಎರಡು ಸೀಟಿ ಎಂದರೆ ಹೊರಡು. ಇಷ್ಟರಲ್ಲೇ ಒಂದು ಸಂಸಾರ ಕಟ್ಟಬಹುದು ಅನ್ನುವುದು ಇಬ್ಬರಿಗೂ ಹೊಳೆದದ್ದು ಅದೇ ಬಸ್ಸಿನಲ್ಲಿ. ಕಟ್ಟಿದರು, ಮಗಳನ್ನು ಬೆಳೆಸಿದರು, ಪಕ್ಕದ ಬೀದಿಗೇ ಮದುವೆ ಮಾಡಿ ಕೊಟ್ಟರು. ಆದರೆ ಡ್ರೈವರಪ್ಪನಿಗೆ ಒಂದು ಖಡಾಖಂಡಿತ ನಿಯಮವಿತ್ತು: ಸ್ಟೀರಿಂಗು ಅವನದು, ಮಿಕ್ಕಿದ್ದೆಲ್ಲ ಕಂಡಕ್ಟರ್ ಕೆಲಸ. ಹಾಲು ತರುವುದು ಕಂಡಕ್ಟರ್ ಕೆಲಸ. ಮಗಳ ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಬೈಸಿಕೊಳ್ಳುವುದು ಕಂಡಕ್ಟರ್ ಕೆಲಸ. ನೆಂಟರು ಬಂದರೆ ಮಾತಾಡಿಸುವುದು, ಹೋದರೆ ಸಾಕು ಅನ್ನಿಸುವವರನ್ನು ಹೋಗುವ ಹಾಗೆ ಮಾಡುವುದು, ಅದೂ ಕಂಡಕ್ಟರ್ ಕೆಲಸವೇ. ಇಂಥ ಗಂಡಸರು ನಿಮ್ಮ ಮನೆಯಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಬಸ್ಸು ಓಡಿಸಲೂ ಬರುವುದಿಲ್ಲ.

ನಾಯಿಯ ಹೆಸರು ಚಿಲ್ಲರೆ. ಡಿಪೋದಲ್ಲಿ ನಿಂತ ಬಸ್ಸಿನ ಚಕ್ರದಡಿ ಸಿಕ್ಕ ಮರಿ. ಎಷ್ಟು ಕೇಳಿದರೂ ಬೇಕಾದ ಹೊತ್ತಿಗೆ ಸಿಗುವುದಿಲ್ಲವೆಂದು ಕಂಡಕ್ಟರಮ್ಮನೇ ಆ ಹೆಸರಿಟ್ಟಳು. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು, ಯಾವ ಜಾತಿಗೂ ಸೇರದ ಮುಖ. ಅವಳು ನಿವೃತ್ತಿಯಾದ ದಿನ ಹಾರದ ಜೊತೆ ಅದೂ ಮನೆಗೆ ಬಂತು.

ಆಮೇಲೆ ಡ್ರೈವರಪ್ಪನ ಎದೆ ಕೈಕೊಟ್ಟಿತು. ಆಪರೇಷನ್ ಆಯಿತು, ಗಂಡಾಂತರ ಕಳೆಯಿತು. ಇನ್ನು ಔಷಧಿಗಿಂತ ನಡಿಗೆ ಮುಖ್ಯ, ಕೂತರೆ ಕೆಟ್ಟಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಡ್ರೈವರಪ್ಪ ಮನೆಗೆ ಬಂದವನೇ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ಬೀದಿಯಲ್ಲಿ ಹೋಗುವ ಗಾಡಿಗಳನ್ನು ನೋಡುವುದು, ತಿರುವಿನಲ್ಲಿ ಅವರು ಮಾಡುವ ತಪ್ಪಿಗೆ ಹಲ್ಲು ಕಡಿಯುವುದು, ಇಷ್ಟೇ ಅವನ ವ್ಯಾಯಾಮ. ಮಗಳು ಬೂಟು ತಂದುಕೊಟ್ಟಳು; ಅದು ಪೆಟ್ಟಿಗೆಯಲ್ಲೇ ಉಳಿಯಿತು. ಹಿಡಿ ಬಾಗಿದ ಊರುಗೋಲು ತಂದುಕೊಟ್ಟಳು. ಅದರಲ್ಲಿ ಅವನು ಕುರ್ಚಿಯಿಂದ ಏಳದೆ ಪರದೆ ಸರಿಸುವುದನ್ನು ಕಲಿತ. ಹೆಂಡತಿ ಬೈದಳು, ಅತ್ತಳು, ಮಾತು ಬಿಟ್ಟಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಒಂದು ಬೆಳಿಗ್ಗೆ ಕಂಡಕ್ಟರಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುವಾಗ ಹಳೆಯ ಸೀಟಿ ಸಿಕ್ಕಿತು. ಉಪ್ಪುನೀರಲ್ಲಿ ತೊಳೆದಳು. ಸರಿಯಾಗಿದೆಯೋ ಇಲ್ಲವೋ ಎಂದು ಎರಡು ಸಲ ಊದಿ ನೋಡಿದಳು. ಹಜಾರದಲ್ಲಿ ಕುರ್ಚಿ ಕಿರುಗುಟ್ಟಿತು. ಬಗ್ಗಿ ನೋಡಿದರೆ ಡ್ರೈವರಪ್ಪ ಎದ್ದು ನಿಂತಿದ್ದಾನೆ. ಯಾಕೆ ಎದ್ದೆ ಎಂದು ಅವನಿಗೂ ಗೊತ್ತಿಲ್ಲ. ಎರಡು ಸೀಟಿ ಕೇಳಿದ ಮೇಲೂ ಗಾಡಿ ನಿಲ್ಲಿಸಿಕೊಂಡು ಕೂರುವ ಡ್ರೈವರ್ ಈ ಭೂಮಿಯ ಮೇಲೆ ಹುಟ್ಟಿಲ್ಲ.

ಕಂಡಕ್ಟರಮ್ಮ ಕೈ ಒರೆಸಿಕೊಂಡು ಬಂದು ಚಿಲ್ಲರೆಯ ಸರಪಳಿಯನ್ನು ಅವನ ಕೈಗಿಟ್ಟಳು. ಬಾಗಿಲು ತೆಗೆದಳು. ಇನ್ನೆರಡು ಸೀಟಿ ಊದಿದಳು.

ಅಂದಿನಿಂದ ಅವರ ಸವಾರಿ ನಾಯಿ ಪಾರ್ಕಿಗೆ. ಮುಂದೆ ಸರಪಳಿ ಹಿಡಿದ ಡ್ರೈವರಪ್ಪ, ಹಿಂದೆ ಸೀಟಿ ಹಿಡಿದ ಕಂಡಕ್ಟರಮ್ಮ. ಅವನ ಉಸಿರು ಏರಿದರೆ ಹಿಂದಿನಿಂದ ಒಂದು ಸೀಟಿ, ನಿಲ್ಲುತ್ತಾನೆ. ಸುಧಾರಿಸಿಕೊಂಡರೆ ಎರಡು, ಹೊರಡುತ್ತಾನೆ. ಒಮ್ಮೆಯೂ ಹಿಂತಿರುಗಿ ನೋಡುವವನಲ್ಲ. ಹಿಂದಿನದನ್ನು ನೋಡಿಕೊಳ್ಳಲು ಕಂಡಕ್ಟರ್ ಇದ್ದಾಳೆ. ಪಾರ್ಕಿನ ಜನ ಮೊದಲು ನಕ್ಕರು. ನಾಯಿಯನ್ನು ಪಳಗಿಸಿದವರನ್ನು ನೋಡಿದ್ದೆವು, ಗಂಡನನ್ನು ಪಳಗಿಸಿದವರನ್ನು ಇಲ್ಲೇ ನೋಡಿದ್ದು ಅಂದರು. ಕಂಡಕ್ಟರಮ್ಮ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು.

ಕೆಳಗಿನ ಬಯಲಿನಲ್ಲಿ ಸುತ್ತಲು ಮಾತ್ರ ಡ್ರೈವರಪ್ಪ ಒಪ್ಪಲಿಲ್ಲ. ಗಾಣದೆತ್ತಿನ ಹಾಗೆ ಸುತ್ತೋದು ನನ್ನಿಂದಾಗದು, ರೂಟು ಅಂದಮೇಲೆ ಎಲ್ಲಿಗಾದರೂ ಹೋಗಿ ಮುಟ್ಟಬೇಕು ಅಂದ. ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗೋಣವೆಂದರೆ, ಖಾಲಿ ಗಾಡಿ ಓಡಿಸಲ್ಲ ಅಂದ. ಹಾಗಾಗಿ ಗುಡ್ಡದ ದಾರಿಯೇ ಗತಿ. ಅರ್ಧ ದಾರಿಯಲ್ಲೊಂದು ಕಲ್ಲು ಬೆಂಚಿದೆ. ಅಲ್ಲಿಯವರೆಗೆ ಹೋಗಿ ವಾಪಸು. ತುದಿಗೆ ಹೋದರೆ ಬಸ್ ಡಿಪೋ ಪೂರ್ತಿ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಅದನ್ನು ಕೇಳಿದ ಮೇಲೆ ಅವನು ಬೆಂಚಿನ ಮೇಲೆ ಕೂತಾಗಲೆಲ್ಲ ತಲೆ ಎತ್ತಿ ತುದಿಯ ಕಡೆ ನೋಡುತ್ತಿದ್ದ. ಕಂಡಕ್ಟರಮ್ಮ ನೋಡಿಯೂ ನೋಡದವಳ ಹಾಗೆ ಇರುತ್ತಿದ್ದಳು. ಒಳಗೊಳಗೇ, ಹೀಗೇ ನೋಡ್ತಾ ಇರಪ್ಪ, ಒಂದಿನ ಹೋಗ್ತೀಯ ಅಂದುಕೊಳ್ಳುತ್ತಿದ್ದಳು.

ಇಷ್ಟರಲ್ಲಿ ಪಾರ್ಕಿನ ಸೂಪರ್‌ವೈಸರ್ ಒಂದು ಬೋರ್ಡು ಬರೆಸಿದ. ಇನ್ನು ಮುಂದೆ ನಾಯಿಗಳಿಗೆ ಬೇಲಿಯೊಳಗಿನ ಬಯಲು ಮಾತ್ರ, ಗುಡ್ಡದ ದಾರಿ ಇಲ್ಲ.

ಸುದ್ದಿ ಕೇಳಿದ ಕಂಡಕ್ಟರಮ್ಮ ನೆಟ್ಟಗೆ ಅವನ ಕೋಣೆಗೆ ಹೋದಳು. ನೀರಿನ ಪೈಪಿನ ಸುರುಳಿ, ಹುಲ್ಲು ಕತ್ತರಿಸುವ ಯಂತ್ರ, ಕಾಲು ಮುರಿದ ಬೆಂಚು, ಇವುಗಳ ನಡುವೆ ಒಂದು ಮೇಜು. ಗೋಡೆಗೆ ಒರಗಿಸಿದ ಬೋರ್ಡಿನಲ್ಲಿ ಬಣ್ಣ ಇನ್ನೂ ಹಸಿ. ಮೂಲೆಯಲ್ಲಿ ಪಾರ್ಕು ಗುಡಿಸುವವಳು ಕುಕ್ಕರುಗಾಲಲ್ಲಿ ಕೂತು ಟೀ ಕುಡಿಯುತ್ತಿದ್ದಳು. ಸೂಪರ್‌ವೈಸರ್ ಕೆಟ್ಟವನಲ್ಲ. ತನಗೂ ಬೇಜಾರೇ, ಆದರೆ ಇವಳು ಕವರಿದ್ದರೆ ನಾನಿಲ್ಲ, ನಾನಿದ್ದರೆ ಕವರಿಲ್ಲ ಅಂದುಬಿಟ್ಟಿದ್ದಾಳೆ, ಇವಳು ಬಿಟ್ಟು ಹೋದರೆ ಪಾರ್ಕೇ ಮುಚ್ಚಬೇಕು ಅಂದ.

ಕಂಡಕ್ಟರಮ್ಮ ಅವಳತ್ತ ತಿರುಗಿದಳು.

"ಗುಡಿಸೋದು ಅಂದ್ರೆ ನೆಲ ಅಕ್ಕಾ" ಅಂದಳು ಗುಡಿಸುವವಳು, ಲೋಟ ಕೆಳಗಿಡದೆ. "ಮರ ಗುಡಿಸು ಅಂದ್ರೆ ಹೆಂಗೆ ಗುಡಿಸ್ಲಿ?"

ಹೋದ ವಾರ ನಡೆದದ್ದನ್ನು ಅವಳು ಬೇರೆ ಯಾರದೋ ಕತೆಯೆಂಬಂತೆ ಹೇಳಿದಳು. ಎತ್ತರದ ಕೊಂಬೆಯಲ್ಲಿದ್ದ ಕವರನ್ನು ಕೋಲಿನಿಂದ ಎಳೆದಾಗ ಅದು ತಲೆಯ ಮೇಲೇ ಒಡೆಯಿತು. ಪಾರ್ಕಿನ ನಲ್ಲಿಯಲ್ಲಿ ತೊಳೆದುಕೊಂಡಳು, ಸೋಪಿರಲಿಲ್ಲ. ಸಂಜೆ ಬಸ್ಸು ಹತ್ತಿದರೆ ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಸೀಟೆಲ್ಲ ತನಗೇ ಆಯಿತು, ಕಾಲು ಚಾಚಿಕೊಂಡು ಹೋದೆ ಅಂದು ನಕ್ಕಳು.

ಕಂಡಕ್ಟರಮ್ಮ ನಗಲಿಲ್ಲ. ಬಸ್ಸಿನಲ್ಲಿ ಒಬ್ಬರ ಪಕ್ಕದಿಂದ ಜನ ಎದ್ದು ಹೋಗುವುದನ್ನು ಅವಳು ಎಷ್ಟು ಸಲ ನೋಡಿಲ್ಲ? ಕೂತೇ ಇರುವವರ ಮುಖ ಆಗ ಹೇಗಿರುತ್ತದೆಂದು ಅವಳಿಗೆ ಗೊತ್ತು. ಸುವಾಸನೆಯ ಕವರು ಕೊಂಡು ತರುವ ನಮಗೆ ಗೊತ್ತಿಲ್ಲ. ನಮ್ಮ ನಾಯಿಗೆ ಶಾಂಪೂ ಬೇರೆ, ಕಂಡೀಷನರ್ ಬೇರೆ. ಗುಡಿಸುವವಳ ನಲ್ಲಿಗೆ ಒಂದು ತುಂಡು ಸೋಪಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಂಡಕ್ಟರಮ್ಮ ಭಾನುವಾರದವರೆಗೆ ಬೋರ್ಡು ನೆಡಬೇಡಿ ಎಂದು ಕೇಳಿದಳು. ಸೂಪರ್‌ವೈಸರ್ ಗುಡಿಸುವವಳ ಮುಖ ನೋಡಿದ. ಅವಳು ಟೀ ಮುಗಿಸಿ, ಭಾನುವಾರ ಸಾಯಂಕಾಲ ಗುಡ್ಡದಲ್ಲಿ ಒಂದೇ ಒಂದು ಕವರು ನೇತಾಡಿದರೂ ತಾನು ಒಪ್ಪುವವಳಲ್ಲ ಅಂದಳು. ಮಾತು ಮುಗಿಯಿತು.

ಮಾರನೆಯ ಬೆಳಿಗ್ಗೆಯಿಂದ ಕಂಡಕ್ಟರಮ್ಮ ಗೇಟಿನಲ್ಲಿ ನಿಂತಳು. ಹತ್ತುವವರನ್ನು ತಡೆಯಲಿಲ್ಲ, ಮುಖ ಮಾತ್ರ ನೋಡಿಟ್ಟುಕೊಂಡಳು. ತುಂಬಿ ತುಳುಕುವ ಬಸ್ಸಿನಲ್ಲಿ ಟಿಕೆಟ್ ತಗೊಂಡವರ್ಯಾರು, ತಗೊಳ್ಳದೆ ಕಿಟಕಿಯಾಚೆ ಪ್ರಕೃತಿ ಸೌಂದರ್ಯ ನೋಡುತ್ತಿರುವವರ್ಯಾರು ಎಂದು ಹೇಳಬಲ್ಲ ಕಣ್ಣು ಅದು. ಮೆಟ್ಟಿಲಿಳಿದು ಬಂದವರ ಎದುರಿಗೆ ಕೈ ಚಾಚುತ್ತಿದ್ದಳು.

"ಕವರು, ಕವರು, ಕವರು. ಯಾರ್ರೀ ಅದು ಕವರು ತೋರಿಸದೇ ಇರೋದು? ಇಳಿಯುವಾಗ ಕವರು ತೋರಿಸಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಷ್ಟು ಜನ ಎಂದು ಆ ವಾರ ಗೊತ್ತಾಯಿತು. ಕೆಲವರು ಜೇಬು ತಡವಿಕೊಂಡರು. ಕೆಲವರಿಗೆ ಆ ಕ್ಷಣದಲ್ಲೇ ಫೋನು ಬಂತು. ಹೊಸದಾಗಿ ಮದುವೆಯಾದ ಜೋಡಿಯೊಂದು, ನಮ್ಮದು ಇವತ್ತು ಏನೂ ಮಾಡಲಿಲ್ಲ ಆಂಟಿ ಅಂತು. ಕಂಡಕ್ಟರಮ್ಮ ಬಗ್ಗಿ ಅವರ ನಾಯಿಯ ಮುಖ ನೋಡಿ, ಮಾಡದೇ ಇದ್ದ ನಾಯಿ ಇಷ್ಟು ನೆಮ್ಮದಿಯಾಗಿರಲ್ಲ ಮರೀ ಅಂದಳು. ಇಬ್ಬರೂ ಕೆಂಪಗಾಗಿ ಮತ್ತೆ ಗುಡ್ಡ ಹತ್ತಿದರು. ಒಬ್ಬರು ಹತ್ತಿದ್ದು ನೋಡಿ ಇನ್ನೊಬ್ಬರು ಹತ್ತಿದರು. ಕೆಳಗಿನ ತಿರುವುಗಳ ಪೊದೆಗಳು ದಿನದಿಂದ ದಿನಕ್ಕೆ ಬೋಳಾದವು.

ಉಳಿದದ್ದು ಮೇಲಿನವು, ಕಲ್ಲು ಬೆಂಚಿನಿಂದಾಚೆಯವು. ಯಾರದೆಂದು ಗೊತ್ತಿಲ್ಲದ ಹಳೆಯ ಕವರುಗಳು. ಗಂಡನ ಜೊತೆ ಬೆಂಚಿನವರೆಗೆ ಹೋಗಿ ಬರುವಷ್ಟು ಹೊತ್ತು ಬಿಟ್ಟರೆ ಗೇಟು ಬಿಡಲು ಕಂಡಕ್ಟರಮ್ಮನಿಗೆ ಪುರುಸೊತ್ತಿಲ್ಲ. ನಿಮ್ಮ ಊರುಗೋಲಿಗೆ ಕೊಕ್ಕೆ ಇದೆಯಲ್ಲರೀ, ಕೈಗೆ ಸಿಕ್ಕಿದ್ದನ್ನಾದರೂ ಎಳೀರಿ ಎಂದು ಗಂಡನನ್ನು ಕೇಳಿದಳು. ಅದು ಕಂಡಕ್ಟರ್ ಕೆಲಸ ಅಂದ ಡ್ರೈವರಪ್ಪ.

ಇಡೀ ವಾರ ಜಗ್ಗದವನು ಹಲ್ಲಿನ ಡಾಕ್ಟರ್ ಒಬ್ಬನೇ. ಅವನ ನಾಯಿ ಕರುವಿನಷ್ಟಿದೆ, ಮೈ ತುಂಬ ಬಿಳಿ ಕೂದಲು. ಅದರ ಕವರೂ ಅದಕ್ಕೆ ತಕ್ಕಷ್ಟೇ ಇರಬೇಕು. ದಿನಾ ಬರಿಗೈಯಲ್ಲಿ ಇಳಿಯುತ್ತಿದ್ದ. ಕೇಳಿದರೆ ನಾನು ಡಾಕ್ಟರ್ ಅನ್ನುತ್ತಿದ್ದ. ಸ್ಟಾಫಾದರೂ ಪಾಸು ತೋರಿಸಬೇಕು ಅನ್ನುತ್ತಿದ್ದಳು ಇವಳು. ಹಾಗಾದರೆ ನಿಮ್ಮ ನಾಯಿಯ ಕತೆ ಏನು ಎಂದು ಅವನು ಕೆಣಕಿದಾಗ, ನಮ್ಮ ಚಿಲ್ಲರೆಯ ವಿಷಯದಲ್ಲಿ ಇವತ್ತಿನವರೆಗೂ ಯಾರೂ ನನ್ನ ಕಡೆ ಬೊಟ್ಟು ಮಾಡಿಲ್ಲ ಡಾಕ್ಟ್ರೇ ಎಂದು ಎದೆ ಸೆಟೆಸಿ ಹೇಳಿದ್ದಳು. ನಾಲ್ಕು ಜನ ಕೇಳುವ ಹಾಗೆಯೇ ಹೇಳಿದ್ದಳು.

ಭಾನುವಾರ ಬಂತು. ಬಿಸಿಲು ಹಿತವಾಗಿತ್ತು, ಬಯಲು ತುಂಬ ನಾಯಿಗಳ ಜಾತ್ರೆ. ಡ್ರೈವರಪ್ಪ ಚಿಲ್ಲರೆಯ ಸರಪಳಿ ಹಿಡಿದು ದಾರಿಯ ಬುಡದಲ್ಲಿ, ಗುಡ್ಡಕ್ಕೆ ಮುಖ ಮಾಡಿ ನಿಂತಿದ್ದ. ಸೀಟಿ ಬರಬೇಕು, ಹೊರಡಬೇಕು. ಅಷ್ಟರಲ್ಲಿ ಹಲ್ಲಿನ ಡಾಕ್ಟರ್ ಮೆಟ್ಟಿಲಿಳಿದು ಬಂದ. ಬರಿಗೈ. ಕಂಡಕ್ಟರಮ್ಮನನ್ನು ನೋಡಿದವನೇ ಮುಖ ಆಕಡೆ ತಿರುಗಿಸಿ ಬಿರಬಿರನೆ ಗೇಟಿನ ಕಡೆ ನಡೆದ.

ಕಂಡಕ್ಟರಮ್ಮ ಅವನನ್ನು ನಿಲ್ಲಿಸಲು ಒಂದು ಸೀಟಿ ಊದಿದಳು. ಅವನು ನಿಲ್ಲಲಿಲ್ಲ. ಸಿಟ್ಟು ನೆತ್ತಿಗೇರಿ ಇನ್ನೊಂದು ಊದಿದಳು.

ಈಗ ಅವನು ನಿಂತ. ಜನರೂ ತಿರುಗಿ ನೋಡಿದರು. ಬರುವಾಗ ತರೋಣವೆಂದು ಇಟ್ಟಿದ್ದೆ, ಮರೆತೇ ಹೋಯಿತು ಅಂದ. ಇಳಿಯುವ ಸ್ಟಾಪು ದಾಟಿದ ಮೇಲೆ ಅಯ್ಯೋ ಎನ್ನುವವರನ್ನು ತಾನು ಬೇಕಾದಷ್ಟು ನೋಡಿದ್ದೇನೆ ಅಂದಳು. ಕೊನೆಗೆ ಡಾಕ್ಟರ್ ಕೈ ಮುಗಿದು, ಆಯ್ತಮ್ಮ, ಹೋಗಿ ತರ್ತೀನಿ ಅಂದ. ಗೆದ್ದ ಖುಷಿಯಲ್ಲಿ ಅವಳು ಗಂಡನ ಕಡೆ ತಿರುಗಿದಳು.

ದಾರಿಯ ಬುಡ ಖಾಲಿ. ಗಂಡನಿಲ್ಲ, ನಾಯಿಯಿಲ್ಲ.

ಒಂದು ಸೀಟಿ, ಮೇಲೆ ಇನ್ನೊಂದು ಸೀಟಿ. ಒಟ್ಟು ಎಷ್ಟಾಯಿತು? ಡ್ರೈವರಪ್ಪನಿಗೆ ರೈಟ್ ಸಿಕ್ಕಿತು. ಹಿಂದೆ ನೋಡದೆ ಹೊರಟಿದ್ದಾನೆ. ಕಂಡಕ್ಟರನ್ನು ಸ್ಟಾಪಿನಲ್ಲೇ ಬಿಟ್ಟು ಬಸ್ಸು ಹೋಗಿದೆ.

ಸರ್ವೀಸಿನಲ್ಲಿದ್ದಾಗಲೂ ಒಮ್ಮೆ ಹೀಗಾಗಿತ್ತು. ಅಜ್ಜಿಯೊಬ್ಬಳ ಗಂಟು ಇಳಿಸಿಕೊಡಲು ಕೆಳಗಿಳಿದಿದ್ದಾಗ ಯಾರೋ ಪೋಲಿ ಪ್ರಯಾಣಿಕ ಎರಡು ಸಿಳ್ಳೆ ಹೊಡೆದ, ಬಸ್ಸು ಹೊರಟೇಹೋಯಿತು. ಆಟೋ ಹಿಡಿದು ಬೆನ್ನಟ್ಟಿದಳು. ಆಗ ನಕ್ಕಿದ್ದಳು. ಈಗ ಆ ಡ್ರೈವರಿನ ಎದೆಯ ಮೇಲೆ ಹೊಲಿಗೆಯ ಗುರುತಿದೆ. ಒಂದು ಸೀಟಿ ಕೇಳುವವರೆಗೆ ನಿಲ್ಲುವ ಪೈಕಿಯಲ್ಲ ಅವನು. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ದಾರಿ ಹಿಡಿದಳು. ಒಂದೊಂದೇ ಸೀಟಿ ಊದುತ್ತ ಹತ್ತಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಅವಳ ಸೀಟಿ ಅವಳ ಬೆನ್ನ ಹಿಂದಕ್ಕೇ ಹೋಗುತ್ತಿತ್ತು. ಹಿಂದೆ ಬರುತ್ತಿದ್ದ ಹಲ್ಲಿನ ಡಾಕ್ಟರ್ ಮಾತ್ರ ಪ್ರತಿ ಸೀಟಿಗೂ ತನ್ನನ್ನೇ ಎಂದುಕೊಂಡು ನಿಲ್ಲುತ್ತಿದ್ದ.

ಕಲ್ಲು ಬೆಂಚು ಬಂತು. ಖಾಲಿ. ಅದರಿಂದಾಚೆಗೆ ಅವನು ಒಂದು ದಿನವೂ ಹೋದವನಲ್ಲ. ಎಲ್ಲಿ ಮುಗ್ಗರಿಸಿದನೋ, ಎಲ್ಲಿ ಎದೆ ಹಿಡಿದು ಕೂತನೋ, ನಾಯಿಯಾದರೂ ಬೊಗಳಬಾರದೇ? ಕಿಟಕಿಯ ಪಕ್ಕದಲ್ಲಿ ಕೂತಿದ್ದರೆ ಕಣ್ಣೆದುರಿಗಾದರೂ ಇರುತ್ತಿದ್ದ, ತಾನೇ ಎಬ್ಬಿಸಿದೆ, ತಾನೇ ಊದಿದೆ ಎಂದು ತನ್ನನ್ನೇ ಬೈದುಕೊಳ್ಳುತ್ತ ಇನ್ನೊಂದು ತಿರುವು ಹತ್ತಿದಳು. ಡಾಕ್ಟರ್ ಏದುಸಿರು ಬಿಡುತ್ತ ಒಂದು ಪೊದೆಯ ಮುಂದೆ ನಿಂತು ತಲೆ ಕೆರೆದುಕೊಂಡ.

"ಇಲ್ಲೇ ಇತ್ತಮ್ಮ ನಂದು. ಕಾಣ್ತಾ ಇಲ್ಲ."

"ನಂದೂ ಕಾಣ್ತಾ ಇಲ್ಲ ಡಾಕ್ಟ್ರೇ."

"ಕವರಾ?"

"ಗಂಡ."

ಡಾಕ್ಟರಿನ ಮುಖ ಬದಲಾಯಿತು. ಅವನು ತನ್ನ ಕರುವನ್ನು ಎಳೆದುಕೊಂಡು ಮುಂದೆ ಓಡಿದ. ಕಂಡಕ್ಟರಮ್ಮ ಅವನ ಹಿಂದೆ. ಆಗಲೇ ಅವಳ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಪೊದೆಗಳಲ್ಲಿ ಎಲೆ ಬಿಟ್ಟರೆ ಏನೂ ಇಲ್ಲ. ಮುಂದಿನ ತಿರುವಿನಲ್ಲೂ ಇಲ್ಲ, ಅದರ ಮುಂದೆಯೂ ಇಲ್ಲ.

ತುದಿಯ ಬಂಡೆಯ ಮೇಲೆ ಡ್ರೈವರಪ್ಪ ಕೂತಿದ್ದ. ಕಾಲ ಬಳಿ ಚಿಲ್ಲರೆ ನಾಲಿಗೆ ಚಾಚಿ ಮಲಗಿತ್ತು. ಪಕ್ಕದ ಬಂಡೆಗೆ ಒರಗಿಸಿದ ಊರುಗೋಲಿನ ಉದ್ದಕ್ಕೂ ಬಣ್ಣಬಣ್ಣದ ಕವರುಗಳು, ಬಲೂನು ಮಾರುವವನ ಕೋಲಿನ ಹಾಗೆ. ಬೆವರಿದ್ದ. ಮುಖ ಕೆಂಪಗಾಗಿತ್ತು. ಉಸಿರು ಸರಿಯಾಗಿತ್ತು. ಕಣ್ಣು ಕೆಳಗೆ ದೂರದ ಡಿಪೋದ ಮೇಲೆ.

"ಯಾಕೆ ಲೇಟು?" ಅಂದ, ತಿರುಗದೆ.

ಕಂಡಕ್ಟರಮ್ಮನಿಗೆ ಬೈಯಲು ಉಸಿರಿರಲಿಲ್ಲ. ಬಂದು ಅವನ ಪಕ್ಕದಲ್ಲಿ ಕುಸಿದು ಕೂತಳು. ಅವನ ಮಣಿಕಟ್ಟು ಹಿಡಿದಳು. ಡಾಕ್ಟರ್ ಇನ್ನೊಂದು ಕೈ ಹಿಡಿದು ನಾಡಿ ನೋಡಿದ, ಚೆನ್ನಾಗಿದೆ ಅಂದ. ಎರಡೂ ಕೈ ಇಬ್ಬರ ವಶವಾದ್ದರಿಂದ ಡ್ರೈವರಪ್ಪ ಗದ್ದದಲ್ಲೇ ಡಿಪೋ ತೋರಿಸಿದ. ಅಲ್ಲೊಬ್ಬ ಬಸ್ಸು ಹಿಂದಕ್ಕೆ ತಗೊಳ್ಳುತ್ತಿದ್ದಾನೆ, ಕನ್ನಡಿ ನೋಡದೆಯೇ ತಗೊಳ್ಳುತ್ತಿದ್ದಾನೆ ಪಾಪಿ ಅಂದ.

"ಒಬ್ಬರೇ ಯಾಕ್ರೀ ಬಂದ್ರಿ?" ಅವಳಿಗೆ ಕೊನೆಗೂ ದನಿ ಬಂತು. "ಪ್ರಾಣ ಹೋಗಿತ್ತು ನಂಗೆ."

"ನೀನು ಎರಡು ಕೊಟ್ಟೆ, ನಾನು ಹೊರಟೆ." ಇದಕ್ಕಿಂತ ಹೆಚ್ಚಿನ ವಿವರಣೆ ಯಾವ ಡ್ರೈವರೂ ಕೊಡಬೇಕಾಗಿಲ್ಲ. ಆದರೂ ತಾನೇ ಹೇಳಿದ. "ಬೆಂಚು ದಾಟಿದ್ದು ಗೊತ್ತೇ ಆಗಲಿಲ್ಲ. ಈ ಚಿಲ್ಲರೆ ಒಂದೊಂದು ಕವರು ಮೂಸೋಕೂ ನಿಂತ. ಸ್ಟಾಪು ಅಂದಮೇಲೆ ಹತ್ತಿಸ್ಕೋಬೇಕಲ್ಲ? ನೋಡಿದರೆ ಹಿಂದೆ ಕಂಡಕ್ಟರೇ ಇಲ್ಲ. ನಾನೇ ಹತ್ತಿಸ್ಕೊಂಡೆ."

ಕವರು ಕವರಿಗೂ ನಿಂತದ್ದರಿಂದಲೇ ಅವನ ಎದೆಗೆ ವಿಶ್ರಾಂತಿ ಸಿಕ್ಕಿತ್ತು. ನಮ್ಮ ಸೋಮಾರಿತನ ಒಬ್ಬ ಮನುಷ್ಯನಿಗೆ ಒಳ್ಳೆಯದು ಮಾಡಿದ್ದು ಅದೊಂದೇ ಸಲ. ಅದನ್ನು ಯಾರೂ ಪುಣ್ಯದ ಖಾತೆಗೆ ಬರೆದುಕೊಳ್ಳಬೇಕಾಗಿಲ್ಲ. ಆದರೆ ಕಂಡಕ್ಟರಮ್ಮನ ಕಣ್ಣು ತುಂಬಿದ್ದು ಬೇರೆ ಕಾರಣಕ್ಕೆ. ಮದುವೆಯಾದಂದಿನಿಂದ ಇಲ್ಲಿಯವರೆಗೆ ಈ ಮಹಾರಾಯ ಕಂಡಕ್ಟರ್ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು.

ಡ್ರೈವರಪ್ಪ ಕೈ ಬಿಡಿಸಿಕೊಂಡು, ಊರುಗೋಲಿನಿಂದ ಒಂದು ಕವರು ಬಿಚ್ಚಿ ಅವಳ ಮುಂದೆ ಹಿಡಿದ. ಬ್ರೆಡ್ಡಿನ ಖಾಲಿ ಕವರು. ಬಾಯಿಗೆ ಕೆಂಪು ದಾರ. ಎರಡು ಸುತ್ತು, ಒಂದು ಮಡಿಕೆ, ತುದಿ ಒಳಕ್ಕೆ ತೂರಿಸಿ ಬಿಗಿದ ಗಂಟು. "ಬೆಂಚಿನ ಹಿಂದಿನ ಪೊದೇಲಿತ್ತು. ಇದು ಯಾರ ಗಂಟು?"

ಅವಳು ನೋಡಿದಳು. ಡಿಪೋದಲ್ಲಿ ದಿನಾ ಸಂಜೆ ನಾಣ್ಯದ ಚೀಲಗಳ ಬಾಯಿ ಕಟ್ಟುತ್ತಿದ್ದ ಗಂಟು. ಇಡೀ ಡಿಪೋದಲ್ಲಿ ಹಾಗೆ ಕಟ್ಟುತ್ತಿದ್ದವಳು ಒಬ್ಬಳೇ. ಬ್ರೆಡ್ಡಿನ ಕವರು ಎತ್ತಿಟ್ಟು ನಾಯಿಗೆ ಬಳಸುವವಳೂ ಒಬ್ಬಳೇ.

ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಒಂದು ದಿನ ಬೆಂಚಿನ ಹತ್ತಿರ ಅವನಿಗೆ ತಲೆ ಸುತ್ತಿತ್ತು. ಎರಡೂ ಕೈಯಲ್ಲಿ ಅವನನ್ನು ಹಿಡಿಯಬೇಕಿತ್ತು. ಕೈಯಲ್ಲಿದ್ದದ್ದನ್ನು ಪೊದೆಗೆ ಸಿಕ್ಕಿಸಿದ್ದಳು. ನಾಳೆ ತಗೊಂಡು ಹೋದರಾಯಿತು ಅಂದುಕೊಂಡಿದ್ದಳು. ನಾಳೆ ಮರೆತಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿತ್ತಂತೆ.

ಹಲ್ಲಿನ ಡಾಕ್ಟರ್ ಕವರನ್ನು ನೋಡಿದ, ಅವಳ ಮುಖವನ್ನು ನೋಡಿದ, ವಿಷಯ ಅರ್ಥಮಾಡಿಕೊಂಡ. ಇಡೀ ವಾರದ ಬಾಕಿ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ? ಆದರೆ ಅವನು ಮೆಲ್ಲಗೆ ಕೈ ಚಾಚಿದ, ಅಷ್ಟೆ.

"ಟಿಕೆಟ್ ತೋರಿಸಿ ಕಂಡಕ್ಟರಮ್ಮ."

ಮೊದಲು ನಕ್ಕದ್ದು ಡ್ರೈವರಪ್ಪ. ಆಪರೇಷನ್ ಆದಮೇಲೆ ಅವನು ಹಾಗೆ ನಕ್ಕಿರಲಿಲ್ಲ. ಹೊಲಿಗೆ ಬಿಟ್ಟೀತೆಂದು ಹೆದರಿ ತುಟಿಯಲ್ಲೇ ನಗುತ್ತಿದ್ದ. ಈಗ ಹೊಟ್ಟೆಯಿಂದ ನಕ್ಕ. ಚಿಲ್ಲರೆ ಎದ್ದು ಬೊಗಳಿತು. ಕಂಡಕ್ಟರಮ್ಮ ಕಣ್ಣೊರೆಸಿಕೊಂಡು ತಾನೂ ನಕ್ಕಳು.

ಮೆಟ್ಟಿಲಿಳಿದು ಬರುವಾಗ ಊರುಗೋಲಿನ ಒಂದು ತುದಿ ಡ್ರೈವರಪ್ಪನ ಹೆಗಲ ಮೇಲೆ, ಇನ್ನೊಂದು ತುದಿ ಡಾಕ್ಟರಿನ ಹೆಗಲ ಮೇಲೆ, ನಡುವೆ ಕವರುಗಳ ತೋರಣ. ಡಾಕ್ಟರಿನದ್ದೂ ಅದರಲ್ಲೇ ಇತ್ತು; ಅದೇ ಎಲ್ಲಕ್ಕಿಂತ ಭಾರ. ಬ್ರೆಡ್ಡಿನ ಕವರು ಮಾತ್ರ ಕಂಡಕ್ಟರಮ್ಮನ ಕೈಯಲ್ಲಿ. ದಾರಿಯಲ್ಲಿ ಡ್ರೈವರಪ್ಪ, ಅದನ್ನೂ ಇದರಲ್ಲೇ ಸೇರಿಸು, ಯಾರಿಗೆ ಗೊತ್ತಾಗುತ್ತೆ ಅಂದ. ಅವಳು ಒಪ್ಪಲಿಲ್ಲ.

ಗೇಟಿನಲ್ಲಿ ಜನ ಸೇರಿದ್ದರು. ಸೂಪರ್‌ವೈಸರ್ ಇದ್ದ, ಗುಡಿಸುವವಳೂ ಇದ್ದಳು. ಕಂಡಕ್ಟರಮ್ಮ ಬ್ರೆಡ್ಡಿನ ಕವರನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಇದು ನಂದು" ಅಂದಳು. "ನಾನೂ ಬರುವಾಗ ತಗೊಳ್ತೀನಿ ಅಂತಾನೇ ಇಟ್ಟಿದ್ದು. ಒಂದು ವಾರದಿಂದ ನಿಮ್ಮನ್ನೆಲ್ಲ ಬೈದಿದೀನಿ. ಬೈದಿದ್ದನ್ನ ವಾಪಸು ತಗೊಳ್ಳಲ್ಲ. ನನ್ನನ್ನೂ ಸೇರಿಸಿ ಬೈಕೊಳ್ಳಿ."

ಯಾರೂ ಬೈಯಲಿಲ್ಲ. ಹೊಸ ಜೋಡಿಯ ಹುಡುಗಿ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ. ಕಂಡಕ್ಟರಮ್ಮ ಕವರನ್ನು ಡಬ್ಬಿಗೆ ಹಾಕಿ ಗುಡಿಸುವವಳ ಮುಂದೆ ಬಂದು ನಿಂತಳು. ತಪ್ಪಾಯ್ತು ಎಂದು ಬಾಯಿಬಿಟ್ಟು ಹೇಳಲು ಅವಳಿಗೂ ಸುಲಭವಿರಲಿಲ್ಲ, ಆದರೆ ಹೇಳಿದಳು. ಗುಡಿಸುವವಳು ಬಗ್ಗಿ ತೋರಣ ಪರೀಕ್ಷಿಸಿದಳು, ತಲೆ ಎತ್ತಿ ಗುಡ್ಡ ನೋಡಿದಳು. ಅಣ್ಣಾವ್ರು ಹೀಗೆ ನನ್ನ ಕೆಲಸಕ್ಕೇ ಕೈ ಹಾಕಿದರೆ ನನ್ನ ಗತಿಯೇನು ಎಂದು ಡ್ರೈವರಪ್ಪನನ್ನು ರೇಗಿಸಿದಳು. ಆಮೇಲೆ ಸೂಪರ್‌ವೈಸರಿಗೆ ಹೇಳಿದಳು: ನಾಯಿಗಳು ಹತ್ತಲಿ ಸಾರ್, ಆದರೆ ಬೋರ್ಡು ಎಸೀಬೇಡಿ. ಮಾರನೆಯ ದಿನ ನಲ್ಲಿಯ ಪಕ್ಕ ಒಂದು ಸೋಪಿನ ಡಬ್ಬಿ ಬಂತು. ಹಲ್ಲಿನ ಡಾಕ್ಟರ್ ತಂದಿಟ್ಟದ್ದು; ಹೇಳಿಕೊಳ್ಳಲಿಲ್ಲ, ಕಂಡಕ್ಟರಮ್ಮನ ಕಣ್ಣು ತಪ್ಪಲೂ ಇಲ್ಲ.

ಡ್ರೈವರಪ್ಪ ಈಗ ದಿನಾ ತುದಿ ಮುಟ್ಟುತ್ತಾನೆ. ಬಂಡೆಯ ಮೇಲೆ ಕೂತು ಡಿಪೋದ ಡ್ರೈವರುಗಳನ್ನೆಲ್ಲ ಮನಸಾರೆ ಬೈದು, ಹಗುರಾಗಿ ಇಳಿಯುತ್ತಾನೆ. ಕಿಟಕಿಯ ಪಕ್ಕದ ಕುರ್ಚಿಯನ್ನು ಚಿಲ್ಲರೆ ವಶಪಡಿಸಿಕೊಂಡಿದೆ. ಹಾಲು ತರುವ ಕೆಲಸ ಮಾತ್ರ ಇನ್ನೂ ಕಂಡಕ್ಟರದ್ದೇ. ಎಲ್ಲವೂ ಒಂದೇ ದಿನ ಬದಲಾಗುವುದಿಲ್ಲ.

ಆ ಬೋರ್ಡು ಸೂಪರ್‌ವೈಸರನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಬಣ್ಣ ಒಣಗಿ ಗಟ್ಟಿಯಾಗಿದೆ. ಕೊಂಬೆಯಲ್ಲಿ ಒಂದು ಕವರು ಕಂಡ ದಿನ ಅದನ್ನು ತಿರುಗಿಸಿ ದಾರಿಯ ಬಾಯಿಗೆ ನೆಡುತ್ತಾರೆ. ಅಂದು ಮುಚ್ಚಿಹೋಗುವುದು ಹಲ್ಲಿನ ಡಾಕ್ಟರಿನ ದಾರಿಯಲ್ಲ, ಅವನಿಗೆ ಹೋಗಲು ಬೇರೆ ಗುಡ್ಡಗಳಿವೆ, ಕಾರೂ ಇದೆ. ಮುಚ್ಚುವುದು ಎರಡು ಸೀಟಿಗೆ ಎದ್ದು ನಿಲ್ಲುವ ಒಬ್ಬ ಮನುಷ್ಯನ ದಾರಿ.

ನಿಮ್ಮ ಊರಿನ ಗುಡ್ಡದಲ್ಲಿ, ನಿಮ್ಮ ಕೆರೆಯ ಏರಿಯ ಮೇಲೆ, ನೀವು ಮೊನ್ನೆ "ಬರುವಾಗ ತಗೊಂಡು ಹೋಗ್ತೀನಿ" ಎಂದು ಸಿಕ್ಕಿಸಿ ಬಂದದ್ದು ಈಗಲೂ ಅಲ್ಲೇ ತೂಗುತ್ತಿದೆ. ನೀವು ಮರೆತಿರಬಹುದು, ಅದರ ಕೆಳಗೆ ಕೋಲು ಹಿಡಿದು ನಿಲ್ಲುವವಳು ಮರೆತಿಲ್ಲ. ಪತ್ರಿಕೆ ಮಡಚಿಡಿ. ಚಪ್ಪಲಿ ಮೆಟ್ಟಿಕೊಳ್ಳಿ. ಹೋಗಿ ಅದನ್ನು ಇಳಿಸಿಕೊಂಡು ಬನ್ನಿ.